ತರಬೇತಿಗೂ ಅದೇ, ಚಿಕಿತ್ಸೆಗೂ ಅದೇ

ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಯುದ್ಧ ಕಲಿಯುವ ಕಾಲ ಇದು. ಮದ್ದುಗುಂಡು ಖರ್ಚಾಗುವುದಿಲ್ಲ, ಯಾರೂ ಸಾಯುವುದಿಲ್ಲ, ತಪ್ಪಿದರೆ ಮತ್ತೆ ಮೊದಲಿನಿಂದ ಶುರು ಮಾಡಬಹುದು. ಲಾಭ ನಿಜವೇ.

ಆದರೆ ಅಮೆರಿಕದ ಕತೆ ನೋಡಿ. ಅಲ್ಲಿನ ಸೇನೆ 1999ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ದುಡ್ಡು ಹಾಕಿ ಒಂದು ಸಂಸ್ಥೆ ಕಟ್ಟಿಸಿತು. ಸೈನಿಕರ ತರಬೇತಿಗೆಂದು ಅಲ್ಲಿ ಹುಟ್ಟಿದ್ದು 'ಫುಲ್ ಸ್ಪೆಕ್ಟ್ರಮ್ ವಾರಿಯರ್' ಎಂಬ ವಿಡಿಯೋ ಗೇಮ್. ಮುಂದೆ ಇರಾಕ್‌ನಿಂದ ಮನಸ್ಸಿಗೆ ಗಾಯ ಮಾಡಿಕೊಂಡು ಬಂದವರ ಚಿಕಿತ್ಸೆಗೆ ಅದೇ ಸಂಸ್ಥೆ 'ವರ್ಚುವಲ್ ಇರಾಕ್' ರೂಪಿಸಿತು. ಅದಕ್ಕೆ ಬೇಕಾದ ದೃಶ್ಯ ಸಾಮಗ್ರಿ ಬಂದದ್ದೂ ಆ ಗೇಮಿನಿಂದಲೇ. ಯುದ್ಧ ಕಲಿಸಲು ಕಟ್ಟಿದ್ದರಲ್ಲೇ ಯುದ್ಧದ ಗಾಯ ಮಾಯಿಸಬೇಕಾಯಿತು!

ಹೆಡ್‌ಸೆಟ್ ಗುರಿ ಇಡುವುದನ್ನು ಕಲಿಸೀತು. ಗುಂಡು ಹಾರಿದ ನಂತರದ ರಾತ್ರಿಗಳನ್ನು ಸ್ವಿಚ್ ಒತ್ತಿ ಆರಿಸಲಾಗದು.

ನಮ್ಮ ರಕ್ಷಣಾ ಸಚಿವಾಲಯವೂ 2021ರಲ್ಲಿ ಮೂರೂ ಪಡೆಗಳ ಸಿಮ್ಯುಲೇಟರ್ ಬಳಕೆಗೆ ನೀತಿ ಚೌಕಟ್ಟು ಪ್ರಕಟಿಸಿದೆ. ಒಳ್ಳೆಯದೇ. ನನ್ನ ಬೇಡಿಕೆ ಇಷ್ಟೆ: ತರಬೇತಿ ಯಂತ್ರಕ್ಕೆ ಟೆಂಡರ್ ಕರೆದ ದಿನವೇ ಚಿಕಿತ್ಸೆಗೂ ದುಡ್ಡು ತೆಗೆದಿಡಿ.

ನಿವೃತ್ತರಾಗಿ ಊರಿಗೆ ಮರಳಿದ ಯೋಧರನ್ನು ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡುತ್ತೇವೆ. ಅಂಥ ಸುದ್ದಿಗಳನ್ನು ನಾನೂ ಫೋಟೋ ಸಮೇತ ಕಳಿಸಿದ್ದೇನೆ. ರಾತ್ರಿ ನಿದ್ದೆ ಬರುತ್ತದೆಯೇ ಎಂದು ಮಾತ್ರ ಒಬ್ಬರನ್ನೂ ಕೇಳಿಲ್ಲ.