ಬರೆದವರ ಮನಸ್ಸು, ಓದುವವರ ವಾದ

ಮುಂಡಗೋಡದ ಟಿಬೆಟಿಯನ್ ಕಾಲೊನಿಯಲ್ಲಿ ಡ್ರೆಪುಂಗ್, ಗಾಂದೆನ್ ಮಠಗಳ ಅಂಗಳದಿಂದ ಚಪ್ಪಾಳೆಯ ಸದ್ದು ಕೇಳುತ್ತಿರುತ್ತದೆ. ಅಲ್ಲಿ ನಡೆಯುವ ವಾದದಲ್ಲಿ ಕೂತ ಭಿಕ್ಷು ತನ್ನ ನಿಲುವನ್ನು ಸಮರ್ಥಿಸಿಕೊಳ್ಳಬೇಕು. ನಿಂತವನು ಕಾಲು ಅಪ್ಪಳಿಸಿ, ಅಂಗೈಗೆ ಅಂಗೈ ಹೊಡೆದು ಪ್ರಶ್ನೆ ಹಾಕುತ್ತಾನೆ. ಅವರು ಓದುವ ಗ್ರಂಥಗಳಲ್ಲೊಂದು, 1409ರಲ್ಲಿ ಟಿಬೆಟ್ಟಿನಲ್ಲಿ ಗಾಂದೆನ್ ಮಠ ಕಟ್ಟಿದ ತ್ಸೊಂಗ್‌ಖಾಪನದು. ಅದರ ವಿಷಯವೇ ಕರ್ತೃವಿನ ಆಶಯ: ಬುದ್ಧನ ಯಾವ ಮಾತನ್ನು ಇದ್ದ ಹಾಗೇ ಒಪ್ಪಬೇಕು, ಯಾವುದಕ್ಕೆ ಬೇರೆ ಅರ್ಥ ಹುಡುಕಬೇಕು?

ನಮ್ಮ ವಿಮರ್ಶೆ ಈ ಪ್ರಶ್ನೆಯನ್ನು ತೀರಾ ಬೇಗ ಕೈಬಿಟ್ಟಿತು. 1967ರಲ್ಲಿ ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ ಲೇಖಕನ ಸಾವನ್ನು ಸಾರಿದ ಮೇಲೆ ಬರೆದವರ ಉದ್ದೇಶ ಕೇಳುವುದೇ ಹಳೆಯ ಕಾಲದ ಮಾತಾಯಿತು. ಹಳಿಯಾಳದ ಸಿದ್ದಿಯರ ದಮಾಮಿ ಹಾಡುಗಳಿಗೆ ಒಬ್ಬ ಕವಿಯೆಂದಿಲ್ಲ, ನಿಜ. ಆದರೆ ಹೆಸರು ಹಾಕಿ ಬರೆದದ್ದು ಒಬ್ಬರ ಕೆಲಸ. ಅದಕ್ಕೆ ಅವರೇ ಹೊಣೆ.

ಹಾಗೆಂದು ಆಶಯ ನನಗೆ ಗೊತ್ತು ಎಂದುಬಿಟ್ಟರೆ ಸಾಲದು. ತಾಯ್ತಂದೆಯರನ್ನು ಕೊಲ್ಲಬೇಕೆಂಬ ಅರ್ಥದ ಮಾತೊಂದು ಬುದ್ಧನ ಹೆಸರಿನಲ್ಲಿದೆ. ಈ ಮಠಗಳ ವಾದದಲ್ಲಿ ಅದನ್ನು ಅಕ್ಷರಶಃ ಒಪ್ಪಲಾಗದು ಎನ್ನುವವನು ಮೂರು ಸಂಗತಿ ತೋರಿಸಿಕೊಡಬೇಕು. ಹೇಳಿದವನ ಮನಸ್ಸಿನಲ್ಲಿದ್ದದ್ದು ಏನು? ಮರುಹುಟ್ಟಿಗೆ ಕಾರಣವಾಗುವ ಕರ್ಮ, ತೃಷ್ಣೆ. ಯಾಕೆ ಹಾಗೆ ಹೇಳಿದ? ತಂದೆಯನ್ನು ಕೊಂದು ಪಶ್ಚಾತ್ತಾಪದಲ್ಲಿ ಬೇಯುತ್ತಿದ್ದ ರಾಜ ಅಜಾತಶತ್ರುವನ್ನು ಸಂತೈಸಲು, ಎನ್ನುತ್ತಾರೆ ಟಿಬೆಟಿನ ಪಂಡಿತರು. ಅಕ್ಷರಶಃ ಒಪ್ಪಿದರೆ ಅಡ್ಡಿಯೇನು? ತಾಯ್ತಂದೆಯರ ಕೊಲೆಯನ್ನು ಬುದ್ಧನೇ ಘೋರ ಪಾಪಗಳಲ್ಲಿ ಸೇರಿಸಿದ್ದಾನೆ. ಆಶಯವನ್ನು ಹೀಗೆ ಎಲ್ಲರೆದುರು ಸಾಧಿಸಬೇಕು. ಡ್ರೆಪುಂಗಿನ ಲೊಸೆಲಿಂಗ್, ಗೊಮಾಂಗ್ ವಿದ್ಯಾಲಯಗಳು ಒಂದೇ ಕಾಲೊನಿಯಲ್ಲಿದ್ದರೂ ಬೇರೆ ಬೇರೆ ವ್ಯಾಖ್ಯಾನಗಳನ್ನು ಓದುತ್ತವೆ. ಮೂಲವನ್ನು ಮಾತ್ರ ಬಾಯಿಪಾಠ ಮಾಡುತ್ತಾರೆ, ತಿದ್ದುವುದಿಲ್ಲ.

ನಮ್ಮಲ್ಲಿ ಮೂಲವನ್ನೇ ತಿದ್ದಿದ್ದುಂಟು. ಮಾತೆ ಮಹಾದೇವಿಯವರು ಸಂಪಾದಿಸಿದ 'ಬಸವ ವಚನ ದೀಪ್ತಿ'ಯಲ್ಲಿ ಬಸವಣ್ಣನ ಅಂಕಿತವಾದ ಕೂಡಲಸಂಗಮದೇವ ಹೋಗಿ ಲಿಂಗದೇವ ಬಂತು. 1998ರಲ್ಲಿ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು; 2017ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ನಿಷೇಧ ಸರಿಯೇ ಎಂಬುದು ಬೇರೆ ಚರ್ಚೆ. ಅಂಕಿತವೆಂದರೆ ವಚನಕಾರರ ರುಜು. ಬಸವಣ್ಣನ ಆಶಯ ಬೇರೆಯಿತ್ತು ಎನ್ನುವವರು ಅದನ್ನು ವ್ಯಾಖ್ಯಾನದಲ್ಲಿ ಬರೆಯಲಿ, ಆಧಾರ ಕೊಡಲಿ, ಎದುರು ನಿಂತವರ ಪ್ರಶ್ನೆಗೆ ಉತ್ತರಿಸಲಿ. ವಚನದ ಮೇಲೆ ಕೈಯಿಡುವ ಹಕ್ಕು ಯಾವ ಸಂಪಾದಕರಿಗೂ ಇಲ್ಲ.