ಮೈಗಳ್ಳಿಯೂ ಅಲ್ಲ, ಕುಡುಕನೂ ಅಲ್ಲ ಸ್ವಾಮಿ

ತುಂಬಾ ದಿನ ಆಯ್ತು ಬ್ಲಾಗಿನ ಕಡೆ ತಲೆ ಹಾಕಿ. ಇವತ್ತು ಸಿಟ್ಟು ಬಂದಿದೆ, ಅದಕ್ಕೇ ಬರೀತಿದೀನಿ. ಸ್ವಲ್ಪ ಸಹಿಸಿಕೊಳ್ಳಿ.

ನಮ್ಮೂರು ನಂಜನಗೂಡು. ವಿಷವನ್ನ ಗಂಟಲಲ್ಲೇ ತಡೆದ ನಂಜುಂಡೇಶ್ವರನ ಊರು. ಆದರೆ ಅದೇ ಗಂಟಲಿನ ಮುಂದೆ ಚಿಟ್ಟೆ ಆಕಾರದ ಒಂದು ಗ್ರಂಥಿ ಇದೆ, ಅದು ಕೆಟ್ಟರೆ ಮನುಷ್ಯನೇ ಬದಲಾಗಿಬಿಡ್ತಾನೆ ಅಂತ ನಮ್ಮ ಮನೆಯವರಿಗೆ ಗೊತ್ತಾಗೋಕೆ ಮೂರು ವರ್ಷ ಬೇಕಾಯ್ತು.

ಅಕ್ಕನ್ನ ಕೊಟ್ಟಿರೋದು ಟಿ.ನರಸೀಪುರದ ಹತ್ತಿರದ ಒಂದು ಹಳ್ಳಿಗೆ. ಎರಡನೇ ಹೆರಿಗೆ ಆದಮೇಲೆ ಅವಳು ನಿಧಾನ ಆಗ್ತಾ ಹೋದಳು. ಮುಖ ಊದಿಕೊಂಡಿತು, ಕೂದಲು ಉದುರಿತು, ದನಿ ಗಡಸಾಯ್ತು. ಮಲಬದ್ಧತೆ. ಏಪ್ರಿಲ್ ಬಿಸಿಲಲ್ಲೂ ಸ್ವೆಟರ್ರು. ಅವಳ ಅತ್ತೆ ಬಂದವರಿಗೆಲ್ಲ ಹೇಳ್ತಿದ್ರು, "ತಿಂದು ತಿಂದು ಊದ್ಕೊಂಡವ್ಳೆ, ಒಂದ್ ಕಡ್ಡಿ ಎತ್ತಾಕಾಕಿಲ್ಲ, ಮೈಗಳ್ಳಿ." ಆಸ್ಪತ್ರೆಯಲ್ಲಿ "ರಕ್ತ ಕಮ್ಮಿ" ಅಂತ ಕಬ್ಬಿಣದ ಮಾತ್ರೆ ಕೊಟ್ರು. ರಕ್ತ ಕಮ್ಮಿ ಇದ್ದದ್ದು ಸುಳ್ಳಲ್ಲ. ಥೈರಾಯ್ಡ್ ಕುಗ್ಗಿದರೆ ಎಷ್ಟೋ ಹೆಂಗಸರಿಗೆ ಮುಟ್ಟು ಹೆಚ್ಚಾಗುತ್ತೆ, ಅದರಿಂದ ರಕ್ತ ಕಮ್ಮಿಯಾಗುತ್ತೆ. ಯಾಕೆ ಕಮ್ಮಿ ಅಂತ ಕೇಳೋರು ಇರಲಿಲ್ಲ ಅಷ್ಟೆ. ಆಮೇಲೆ ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್ನು, ಗ್ಲೂಕೋಸ್ ಬಾಟ್ಲಿ. ಕೊನೆಗೆ ಗಾಳಿ ಸೋಕಿದೆ ಅಂತ ತೀರ್ಮಾನ ಆಗಿ, ಚಳಿ ತಡೆಯಲಾರದ ಆ ಹೆಂಗಸನ್ನ ಬೆಳಗಿನ ಜಾವ ಕಾವೇರಿ-ಕಪಿಲೆ ಸಂಗಮದಲ್ಲಿ ಮುಳುಗಿಸಿದ್ರು! ಭಾವ ದಡದಲ್ಲಿ ಟವೆಲ್ ಹಿಡ್ಕೊಂಡು ನಿಂತಿದ್ರಂತೆ.

ಮೂರು ವರ್ಷ ಆದಮೇಲೆ ಹೊಸದಾಗಿ ಬಂದ ಒಬ್ಬ ಡಾಕ್ಟರಮ್ಮ ನಾಡಿ ಹಿಡಿದು, ನಿಧಾನ ಇದೆಯಲ್ಲ ಅಂದುಕೊಂಡು ಟಿ.ಎಸ್.ಹೆಚ್ ಬರೆದುಕೊಟ್ರು. ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸು ಇರಬೇಕಾದದ್ದು ನೂರರ ಮೇಲಿತ್ತು.

ಚಿಕ್ಕಪ್ಪನದು ಇದಕ್ಕೆ ತದ್ವಿರುದ್ಧ. ನಂಜನಗೂಡಲ್ಲಿ ಸಣ್ಣ ಅಂಗಡಿ. ಟೀ ಲೋಟ ಹಿಡಿದರೆ ಕೈ ಗಡಗಡ. ಎರಡು ಮುದ್ದೆ ಉಂಡರೂ ಮೈ ಇಳೀತಾನೇ ಹೋಯ್ತು. ಡಿಸೆಂಬರಲ್ಲಿ ಬೆವರು, ರಾತ್ರಿ ನಿದ್ದೆ ಇಲ್ಲ, ಮಾತೆತ್ತಿದರೆ ಜಗಳ. ಬೀದಿಯ ತೀರ್ಪು ಏನು ಗೊತ್ತಾ? "ಎಣ್ಣೆ ಹೊಡೀತಾನೆ." ಜನ್ಮದಲ್ಲಿ ಹೆಂಡ ಮುಟ್ಟಿದ ಮನುಷ್ಯ ಅಲ್ಲ ಅವರು! ಶುಗರ್ ನೋಡಿದ್ರು, ಇಲ್ಲ. ಟಿಬಿ ಅಂತ ಕಫ ನೋಡಿದ್ರು, ಇಲ್ಲ. ಎದೆಬಡಿತ ತಾಳ ತಪ್ಪಿ ಇಸಿಜಿ ಮಾಡಿಸಿದ ಮೇಲೇ ಥೈರಾಯ್ಡ್ ನೆನಪಾಗಿದ್ದು. ಅವರ ಟಿ.ಎಸ್.ಹೆಚ್ ಸೊನ್ನೆಯ ಹತ್ತಿರ ಇತ್ತು.

ನನ್ನ ಸಿಟ್ಟು ಇದಕ್ಕೇ. ನಾವು ರೋಗಲಕ್ಷಣ ನೋಡೋದಿಲ್ಲ, ನಡತೆಗೆ ಸರ್ಟಿಫಿಕೇಟ್ ಕೊಡ್ತೀವಿ. ನಿಧಾನ ಆದ ಹೆಂಗಸು ಮೈಗಳ್ಳಿ, ಕೈ ನಡುಗೋ ಗಂಡಸು ಕುಡುಕ. ಸಾವಿರಕ್ಕೊಂದರಂತೆ ಮಕ್ಕಳು ಹುಟ್ಟುವಾಗಲೇ ಈ ಗ್ರಂಥಿ ಸರಿಯಾಗಿ ಕೆಲಸ ಮಾಡದೆ ಹುಟ್ತವೆ. ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ನೋಡಿ, ಮೊದಲ ಕೆಲವು ವಾರದೊಳಗೇ ಮಾತ್ರೆ ಶುರು ಮಾಡಿದರೆ ಮಗು ಎಲ್ಲರ ಹಾಗೆ ಬೆಳೆಯುತ್ತೆ. ತಡ ಮಾಡಿದರೆ ಮಿದುಳಿಗೆ ಬಿದ್ದ ಪೆಟ್ಟು ವಾಪಸ್ ಬರಲ್ಲ. ಆ ಮಗುವಿಗೂ ಆಮೇಲೆ ಒಂದು ಹೆಸರು ಇಡ್ತೀವಿ, ಪೆದ್ದ ಅಂತ.

"ಒಪಿಡಿಯಲ್ಲಿ ನೂರು ಜನ, ಡಾಕ್ಟರಿಗೆಲ್ಲಿ ಪುರುಸೊತ್ತು" ಅಂತ ಕಾಮೆಂಟು ಹಾಕೋರಿಗೆ ಮೊದಲೇ ಹೇಳ್ತೀನಿ. ನಾಡಿ ಹಿಡಿಯೋಕೆ, ಚಳಿ ಆಗುತ್ತಾ ಸೆಕೆ ಆಗುತ್ತಾ ಅಂತ ಕೇಳೋಕೆ ಅರ್ಧ ನಿಮಿಷ ಸಾಕು. ಒಂದು ಗುಟುಕು ನೀರು ನುಂಗಿಸಿ ಕತ್ತು ನೋಡಿದರೆ, ಥೈರಾಯ್ಡ್ ಗಡ್ಡೆ ಇದ್ದಲ್ಲಿ ಅದು ನುಂಗಿದಾಗ ಮೇಲಕ್ಕೆ ಸರಿಯುತ್ತೆ. ಇದಕ್ಕೆ ಯಾವ ಮಿಷನ್ನೂ ಬೇಡ.

ಅಂದಹಾಗೆ, "ನಂಗೆ ಥೈರಾಯ್ಡ್ ಇದೆ" ಅಂತಾರಲ್ಲ, ಎಲ್ರಿಗೂ ಇದೆ ಮಾರಾಯ್ರೆ! ರಿಪೋರ್ಟಲ್ಲಿ ನಂಬರು ಜಾಸ್ತಿ ಬಂದರೆ "ಥೈರಾಯ್ಡ್ ಜಾಸ್ತಿ ಆಗಿದೆ" ಅಂತಾನೂ ಅಂತಾರೆ. ಉಲ್ಟಾ. ನಮ್ಮ ಕಬಿನಿ ನಾಲೆಯ ಕೊನೆ ಗದ್ದೆಯವನನ್ನ ನೆನೆಸಿಕೊಳ್ಳಿ. ನೀರು ಬರದಿದ್ದರೆ ಕೂಗ್ತಾನೆ, ಗದ್ದೆ ತುಂಬಿ ಹರಿದರೆ ಸುಮ್ಮನಾಗ್ತಾನೆ. ಟಿ.ಎಸ್.ಹೆಚ್ ಅಂದರೆ ಮಿದುಳಿನ ಬುಡದ ಪಿಟ್ಯುಟರಿ ಹಾಕೋ ಆ ಕೂಗು. ಕೂಗು ಜೋರಾಗಿದ್ದರೆ ಗ್ರಂಥಿ ಸೋತಿದೆ ಅಂತ, ಕೂಗೇ ಇಲ್ಲದಿದ್ದರೆ ಹಾರ್ಮೋನು ಉಕ್ಕಿ ಹರೀತಿದೆ ಅಂತ ಸಾಮಾನ್ಯವಾಗಿ ಅರ್ಥ. ಟಿ4 ಜೊತೆಗಿಟ್ಟು ನೋಡಿದರೆ ಚಿತ್ರ ಪೂರ್ತಿ.

"ಅಯೋಡಿನ್ ಉಪ್ಪು ತಿಂತೀವಲ್ಲ" ಅನ್ನೋರೂ ಇದಾರೆ. 2006ರಿಂದ ಅಯೋಡಿನ್ ಇಲ್ಲದ ಉಪ್ಪನ್ನ ತಿನ್ನೋಕೆ ಅಂತ ಮಾರೋದು ನಿಷೇಧ, ಒಳ್ಳೇದೇ, ತಿನ್ನಿ. ಆದರೆ ಜಪಾನಿನ ಹಶಿಮೋಟೊ 1912ರಲ್ಲಿ ವರ್ಣಿಸಿದ ಕಾಯಿಲೆಯಲ್ಲಿ ನಮ್ಮದೇ ರೋಗನಿರೋಧಕ ಶಕ್ತಿ ನಮ್ಮ ಗ್ರಂಥಿಯನ್ನ ತಿನ್ನುತ್ತೆ. ಅದಕ್ಕೆ ಉಪ್ಪು ಏನು ಮಾಡೀತು?

2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐದು ಸಾವಿರಕ್ಕೂ ಹೆಚ್ಚು ವಯಸ್ಕರನ್ನ ಪರೀಕ್ಷಿಸಿದಾಗ 10.95% ಜನರಲ್ಲಿ ಥೈರಾಯ್ಡ್ ಕುಗ್ಗಿತ್ತು. ಮೂರರಲ್ಲಿ ಒಬ್ಬರಿಗೆ ಅದು ಗೊತ್ತೇ ಇರಲಿಲ್ಲ. ಎಂಟು ಊರಲ್ಲಿ ನೋಡಿದ್ರು, ಎಂಟೂ ನಗರಗಳೇ, ನಮ್ಮ ಕಡೆಯಿಂದ ಬೆಂಗಳೂರು. ನಗರದಲ್ಲೇ ಹೀಗಾದರೆ ನಮ್ಮ ತಾಲ್ಲೂಕುಗಳ ಗತಿ ಏನು?

ಹಾಗಂತ ಲ್ಯಾಬಿನವರ ಪ್ಯಾಕೇಜ್ ನೋಡಿ ಓಡಬೇಡಿ. ಗಡಿಯಂಚಿನ ನಂಬರು ಒಂದು ಸಲ ಬಂತು ಅಂತ ಜೀವನಪೂರ್ತಿ ಮಾತ್ರೆ ಹಿಡಿದವರನ್ನೂ ಕಂಡಿದೀನಿ. ಕೆಲವು ವಾರ ಬಿಟ್ಟು ಮತ್ತೆ ನೋಡಿಸಿ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ನುಂಗ್ತಿದ್ದರೆ ಡಾಕ್ಟರಿಗೆ ಹೇಳಿ, ಅದು ರಿಪೋರ್ಟನ್ನೇ ತಪ್ಪಿಸಬಲ್ಲದು.

ಅಕ್ಕ ಈಗ ದಿನಾ ಬೆಳಗ್ಗೆ ಖಾಲಿ ಹೊಟ್ಟೇಲಿ ಒಂದು ಮಾತ್ರೆ ತಗೋತಾಳೆ, ಓಡಾಡ್ಕೊಂಡು ಚೆನ್ನಾಗಿದಾಳೆ. ಮೊನ್ನೆ ಫೋನ್ ಮಾಡಿದ್ಲು. ಅವಳ ಅತ್ತೆಗೇ ಈಗ ಮೈಯೆಲ್ಲ ಚಳಿಯಂತೆ, ಯಾವಾಗ ನೋಡಿದ್ರೂ ತೂಕಡಿಕೆಯಂತೆ. ಅವರನ್ನ ಮೈಗಳ್ಳಿ ಅನ್ನೋಕೆ ಮನೇಲಿ ಯಾರಿಗೂ ಧೈರ್ಯ ಬಂದಿಲ್ಲ. ಅಕ್ಕನೇ ಟಿ.ನರಸೀಪುರಕ್ಕೆ ಕರ್ಕೊಂಡು ಹೋಗಿ ರಕ್ತ ಕೊಡಿಸಿದಾಳೆ. ರಿಪೋರ್ಟು ನಾಳೆ.