ನ್ಯಾನೋ ಕಾರ್ಬನ್ ಬಾಣಲಿಗೆ ಯಾಕ ಹೆಚ್ಚಿನ ರೊಕ್ಕ?

ಈಗ ಫೋನ್ ತೆಗೆದ್ರ ಸಾಕು, ಒಂದಾ ಜಾಹೀರಾತು. ಈ ಬಾಣಲಿಯೊಳಗ ಗ್ರಾಫೀನ್ ಐತಿ, ವಜ್ರದ ಪುಡಿ ಐತಿ, ನ್ಯಾನೋ ಕಾರ್ಬನ್ ಐತಿ, ಕಾವು ಒಂದೇ ಸಮ ಹರಡತೈತಿ, ಗ್ಯಾಸ್ ಉಳಿತೈತಿ ಅಂತ. ನಮ್ಮ ಓಣ್ಯಾಗ ಇಬ್ಬರು ಮೂವರು ಸಂಘದ ಸಾಲ ತಗೊಂಡು ಸೆಟ್ಟು ಕೊಳ್ಳಾಕ ಹೊಂಟಾರ. ಅದಕ್ಕ ನನ್ನ ಮಾತು ಮೊದಲಾ ಹೇಳಿಬಿಡ್ತೀನ್ರವ್ವಾ: ಆ ಹೆಸರಿಗಂತ ಒಂದು ರೂಪಾಯಿನೂ ಹೆಚ್ಚು ಕೊಡಬ್ಯಾಡ್ರಿ.

ಹಂಗಂತ ಕಾರ್ಬನ್ನಿನ ಗುಣ ಸುಳ್ಳಲ್ಲ. ಕಾವು ಸಾಗಿಸೋದಕ್ಕ ವಿಜ್ಞಾನಿಗಳ ಕಡೆ ಒಂದು ಅಳತಿ ಐತಿ. ಅದರಾಗ ಸ್ಟೀಲಿಗೆ ಸುಮಾರು 15, ಶುದ್ಧ ಕಬ್ಬಿಣಕ್ಕ 80, ಅಲ್ಯೂಮಿನಿಯಮ್ಮಿಗೆ 235, ತಾಮ್ರಕ್ಕ 400. (ಬರೇ ಸ್ಟೀಲ್ ಪಾತ್ರ್ಯಾಗ ಪಾಯಸ ಉರಿ ತಾಗಿದ ಕಡೆನೇ ತಳ ಹತ್ತೋದು ಯಾಕಂತ ಈಗ ತಿಳೀತಲ್ಲ.) ವಜ್ರಕ್ಕ 2000ದ ಹತ್ರ. ಜಪಾನಿನ ಸುಮಿಯೊ ಇಜಿಮಾ ಅನ್ನೋರು 1991ರಾಗ ಇಂಗಾಲದ ಅತಿ ಸಣ್ಣ ಕೊಳವಿಗಳ ಬಗ್ಗೆ ಬರೆದ ಮ್ಯಾಲೆ, ಅಂಥ ಒಂಟಿ ಕೊಳವಿ ಅಳೆದು ನೋಡಿದ್ರ 3000 ಬಂತು. ನಮ್ಮ ಸಿ.ಎನ್.ಆರ್. ರಾವ್ ಅವರೂ ಬೆಂಗಳೂರಿನ ಜಕ್ಕೂರಿನಾಗ ಈ ಕೊಳವಿಗಳ ಮ್ಯಾಲೆ ವರ್ಷಗಟ್ಲೆ ಕೆಲಸ ಮಾಡ್ಯಾರ.

ಹಂಗಾರ ತಾಮ್ರಕ್ಕ ಆ ಕೊಳವಿ ಒಂದು ಹಿಡಿ ಬೆರೆಸಿದ್ರ ಕಾವು ಓಡಬೇಕಲ್ಲ? ಓಡಂಗಿಲ್ಲ. ಎಷ್ಟೋ ಸಲ ಬೆರೆಸಿದ ತಾಮ್ರ ಬರೇ ತಾಮ್ರಕ್ಕಿಂತ ಕಡಿಮಿ ಕಾವು ಸಾಗಿಸತೈತಿ.

ಯಾಕಂದ್ರ, ಅಂಬಲಿಗೆ ಹಿಟ್ಟು ಕದಡುವಾಗ ಗಂಟು ಆಗಂಗಿಲ್ಲೇನು, ಹಂಗ ಈ ಪುಡಿನೂ ಗಂಟು ಕಟ್ಟತೈತಿ. ಅದಕ್ಕಿಂತ ದೊಡ್ಡ ತೊಂದರಿ ಸೇರೋ ಜಾಗದ್ದು. ರೊಟ್ಟಿ ಹಂಚಿಗೆ ಕೂತ ಕಡೆ ಬೇಯ್ತೈತಿ, ಎದ್ದು ನಿಂತ ಕಡೆ ಬೆಳ್ಳಗ ಉಳಿತೈತಿ. ಹಂಚು ಎಷ್ಟು ಕಾದಿದ್ರೇನು, ನಡುವ ಗಾಳಿ ಇದ್ರ? ಕರಗಿದ ತಾಮ್ರ ಕಾರ್ಬನ್ನಿಗೆ ಅಂಟಿಕೊಳ್ಳಂಗಿಲ್ಲ. ಅಂಟಿದ್ರೂ, ತಾಮ್ರದಾಗ ಕಾವು ಹೊರೋದು ಎಲೆಕ್ಟ್ರಾನು, ಕಾರ್ಬನ್ನಿನಾಗ ಹೊರೋದು ಅಣುಗಳ ನಡುಕ. ಗಡಿ ಬಂದಲ್ಲೆಲ್ಲ ಹೊರೆ ಕೈ ಬದಲಾಗಬೇಕು. ಪುಡಿ ಸಣ್ಣಾದಷ್ಟೂ ಗಡಿ ಜಾಸ್ತಿ. ಬಂಡ್ರಿಯಿಂದ ಹೊಸಪೇಟೆಗೆ ಹೋಗಾಕ ಹತ್ತು ಕಡೆ ಬಸ್ ಇಳಿದು ಹತ್ತಿದಂಗ. ಅಲ್ಯೂಮಿನಿಯಮ್ಮಿನಾಗಂತೂ ಕಾಸುವಾಗ ಎರಡೂ ಸೇರಿ ಬ್ಯಾರೇ ವಸ್ತುನಾ ಆಗತೈತಿ. ಅದಕ್ಕ ನೀರು ತಾಗಿದ್ರ ಒಡೆದು ಹೋಗತೈತಿ.

ಇದನ್ನ ಗೆದ್ದೋರೂ ಅದಾರ. ವಜ್ರದ ಹರಳಿಗೂ ತಾಮ್ರಕ್ಕೂ ನಡುವ ಕ್ರೋಮಿಯಮ್ ಇಲ್ಲಾ ಟೈಟೇನಿಯಮ್ಮಿನ ತೆಳ್ಳನೆ ಪದರ ಹಾಕಿ ಬೆಸೆದ್ರ, ಬರೇ ತಾಮ್ರವನ್ನ ಮೀರಿಸತೈತಿ. ಕಾಯೋ ಎಲೆಕ್ಟ್ರಾನಿಕ್ ಚಿಪ್ಪಿನ ಕೆಳಗ ಅದನ್ನ ಇಡ್ತಾರ. ಆದ್ರ ಮಜಾ ನೋಡ್ರಿ, ಅಲ್ಲಿ ಹಾಕೋದು ನ್ಯಾನೋ ಪುಡಿ ಅಲ್ಲ, ಸಣ್ಣ ಉಪ್ಪಿನ ಕಾಳಿನಂಥ ಹರಳು. ಗಡಿ ಕಡಿಮಿ ಇರಲಿ ಅಂತ.

ಇನ್ನ ನಮ್ಮ ಬೀಡಿನ ಹಂಚು. ಅದೂ ಕಾರ್ಬನ್ ಬೆರೆತ ಲೋಹನಾ! ಸಂಡೂರು ಗುಡ್ಡದ ಅದಿರು ಕುಲುಮ್ಯಾಗ ಕೋಕಿನ ಜೊತಿ ಕರಗುವಾಗ ಕಬ್ಬಿಣ ನೂರಕ್ಕ ನಾಕರಷ್ಟು ಇಂಗಾಲ ಕುಡಿತೈತಿ. ಎರಕ ಹೊಯ್ದು ನಿಧಾನ ಆರಿಸಿದ್ರ ಅದು ಗ್ರಾಫೈಟಿನ ಪಕಳಿಯಾಗಿ ಒಳಗ ಹರಡತೈತಿ. ಹಂಚು ಕೈ ಜಾರಿದ್ರ ಟಕ್ಕಂತ ಒಡೆಯೋದೂ ಆ ಪಕಳಿಯಿಂದಾನಾ. ಅದಾ ಇಂಗಾಲ ಗುಂಡಗ ಕೂತ ಕಬ್ಬಿಣಕ್ಕಿಂತ, ಪಕಳಿ ಇರೋ ಕಬ್ಬಿಣ ಕಾವು ಚೆನ್ನಾಗಿ ಸಾಗಿಸತೈತಿ, ಸುಮಾರು 50. ತಾಮ್ರದ ಮುಂದ ಇದು ಏನೂ ಅಲ್ಲ, ಒಪ್ಪಿದೆ. ಆದ್ರ ಹಂಚಿನ ತೂಕ ಕಾವನ್ನ ಹಿಡಿದಿಡತೈತಿ, ಅದಕ್ಕಾ ತಣ್ಣನ ರೊಟ್ಟಿ ಬಿದ್ರೂ ಹಂಚು ತಣ್ಣಗಾಗಂಗಿಲ್ಲ.

ಜಾಹೀರಾತಿನ ಬಾಣಲ್ಯಾಗ ಆ ಕಾರ್ಬನ್ ಇರೋದು ಬಹಳ ಮಾಡಿ ಮ್ಯಾಲಿನ ಲೇಪದಾಗ, ಕಾಗದದಷ್ಟು ತೆಳುವಾಗಿ. ಕಾವು ಅಗಲಕ್ಕ ಹರಡೋ ಕೆಲಸ ಕೆಳಗಿನ ಅಲ್ಯೂಮಿನಿಯಮ್ಮಿಂದು, ಅದರ ದಪ್ಪದ್ದು. ಸ್ಟೀಲ್ ತಗೊಳ್ಳೋದಾದ್ರೂ ತಳಕ್ಕ ಅಲ್ಯೂಮಿನಿಯಮ್ ಇಲ್ಲಾ ತಾಮ್ರದ ದಪ್ಪ ಬಿಲ್ಲಿ ಬೆಸೆದಿರಬೇಕು, ಬಣ್ಣ ಬಳಿದಂಗ ಇರೋ ತಾಮ್ರ ಅಲ್ಲ. ಅಂಗಡ್ಯಾಗ ಕೇಳ್ರಿ: ತಳ ಎಷ್ಟು ಮಿಲಿಮೀಟರ್ ಐತಿ? ಕೇಳಿ ಸುಮ್ನಾಗಬ್ಯಾಡ್ರಿ, ಕೈಯಾಗ ಎತ್ತಿ ತೂಗಿ ನೋಡ್ರಿ, ಕಟ್ಟೆ ಮ್ಯಾಲೆ ಬೋರಲು ಹಾಕದ ಸರಿಯಾಗಿ ಇಟ್ಟು ತಳ ಅಲ್ಲಾಡತೈತೇನು ನೋಡ್ರಿ.